ಹೀಬ್ರೂ ಓದಿದ ಹುಡುಗ, ಕನ್ನಡದ ನಿಘಂಟು

ಮಕ್ಕಳೇ, ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬೇಕು ಅಂದಾಗ ನಾನು ಫರ್ಡಿನೆಂಡ್ ಕಿಟೆಲ್ ಅವರನ್ನು ಆರಿಸಿಕೊಂಡೆ. ಕನ್ನಡ ನಿಘಂಟು ಬರೆದವರು ಅಂತ ಹೆಸರು ನಿಮಗೆ ಗೊತ್ತು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಅಂತ ಬಂದರೆ ತುಂಬಿಬಿಡ್ತೀರಿ. ಆದರೆ ನಾನು ಹೇಳಹೊರಟಿರುವುದು ನಿಘಂಟಿಗಿಂತ ಮೊದಲಿನಿಂದ. ಅದಕ್ಕೊಂದು ಕಾರಣ ಇದೆ. ನಾನು ನಿಮಗೆ ಮೂರನೇ ಭಾಷೆ ಪಾಠ ಮಾಡುವವನು. ವರ್ಷ ವರ್ಷವೂ ಒಂದೇ ಪ್ರಶ್ನೆ ನನ್ನ ಮುಂದೆ ಬರುತ್ತೆ. ಕನ್ನಡ ನಮ್ಮದು, ಇಂಗ್ಲಿಷ್ ನೌಕರಿಗೆ ಬೇಕು, ಇದೊಂದು ಯಾತಕ್ಕೆ ಬೇಕ್ರಿ ಸಾರ್ ಅಂತ ನೀವು ಕೇಳ್ತೀರಿ. ಕೆಲವರ ಅಪ್ಪಂದಿರೂ ಕೇಳ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಕೆಲಸಕ್ಕೆ ಹೋದರೆ ಹಿಂದಿ ಬೇಕಾಗುತ್ತೆ ಅಂತ ನಾನು ಹೇಳಬಹುದು. ಅದು ಸುಳ್ಳೇನೂ ಅಲ್ಲ, ಆದರೆ ಪೂರಾ ಉತ್ತರವೂ ಅಲ್ಲ. ಯಾರ ಮನೆಯಲ್ಲೂ ಮಾತಾಡದ ಒಂದು ಭಾಷೆಯನ್ನು ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಮುಂದೆ ಏನು ಮಾಡಿದ ಅನ್ನೋದನ್ನ ನೋಡೋಣ. ಆ ಭಾಷೆ ಹೀಬ್ರೂ. ಆ ಹುಡುಗ ಕಿಟೆಲ್.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ನಮ್ಮ ಸೊಂಡೂರು ಸೀಮೆಯ ಹಾಗೆ ಗುಡ್ಡಗಳ ಸಾಲು ಅಲ್ಲಿಲ್ಲ. ಸಮುದ್ರಕ್ಕೆ ಹತ್ತಿರದ ಚಪ್ಪಟೆ ನೆಲ. ತಂದೆ ಚರ್ಚಿನ ಪಾದ್ರಿ. ಆ ಸೀಮೆಯ ರೈತರ ಆಡುಮಾತು ಒಂದು, ಶಾಲೆಯ ಪುಸ್ತಕದ ಜರ್ಮನ್ ಇನ್ನೊಂದು. ತಾಂಡಾದಿಂದ ಬರುವ ಮಕ್ಕಳಿಗೆ, ಮನೆಯಲ್ಲಿ ತೆಲುಗು ಇಲ್ಲವೆ ಉರ್ದು ಆಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓದಲಿಕ್ಕೆ ಹುಡುಗ ಆರಿಕ್ ಎಂಬ ಪಟ್ಟಣದ ಶಾಲೆಗೆ ಹೋದ. ಅಲ್ಲಿ ಕಲಿತ ಭಾಷೆಗಳ ಪಟ್ಟಿ ಕೇಳಿದರೆ ನೀವು ನನ್ನ ಮೇಲಿನ ಸಿಟ್ಟನ್ನು ಬಿಟ್ಟೇಬಿಡ್ತೀರಿ: ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್, ಗ್ರೀಕ್, ಹೀಬ್ರೂ. ಜರ್ಮನ್ ಇದ್ದೇ ಇತ್ತು. ಇಂಗ್ಲಿಷ್ ಕಲಿತರೆ ಸಮುದ್ರದಾಚೆಯ ವ್ಯಾಪಾರಕ್ಕೆ ಆಯ್ತು. ಫ್ರೆಂಚ್ ಬಂದರೆ ದೊಡ್ಡ ಮನುಷ್ಯರ ನಡುವೆ ಕೂತು ಮಾತಾಡಬಹುದಿತ್ತು. ಲ್ಯಾಟಿನ್ ಇಲ್ಲದೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತಿರಲಿಲ್ಲ. ಬೈಬಲ್ಲಿನ ಹೊಸ ಒಡಂಬಡಿಕೆ ಬರೆದಿರುವುದು ಗ್ರೀಕ್‌ನಲ್ಲಿ, ಹಳೆ ಒಡಂಬಡಿಕೆಯ ಬಹುಪಾಲು ಹೀಬ್ರೂನಲ್ಲಿ. ಆದ್ದರಿಂದ ಮುಂದೆ ಪಾದ್ರಿ ಆಗುವ ಹುಡುಗರಿಗೆ ಜರ್ಮನಿಯ ಶಾಲೆಗಳಲ್ಲಿ ಹೀಬ್ರೂ ಹೇಳಿಕೊಡುತ್ತಿದ್ದರು. ಐದರಲ್ಲಿ ಸಂತೆಗೆ ಅತಿ ಕಡಿಮೆ ಉಪಯೋಗದ ಭಾಷೆ ಇದೇ. ಆ ಕಾಲದಲ್ಲಿ ಯಹೂದಿಗಳು ಪ್ರಾರ್ಥನೆಗೆ, ಶಾಸ್ತ್ರಕ್ಕೆ, ಬರವಣಿಗೆಗೆ ಹೀಬ್ರೂ ಬಳಸುತ್ತಿದ್ದರು. ಆದರೆ ಮನೆಯಲ್ಲಿ ತಾಯಿ ಮಗುವಿಗೆ ಊಟಕ್ಕೆ ಬಾ ಅನ್ನುತ್ತಿದ್ದದ್ದು ಬೇರೆ ಭಾಷೆಗಳಲ್ಲಿ.

ಹಾಗಾದರೆ ಅದನ್ನು ಕಲಿತು ಬಂದ ಭಾಗ್ಯ ಏನು? ಇದನ್ನು ಹೇಳಲಿಕ್ಕೆ ಮೊದಲು ಆ ಭಾಷೆ ಹೇಗಿದೆ ಅಂತ ಸ್ವಲ್ಪ ತೋರಿಸ್ತೀನಿ. ಹೀಬ್ರೂಗೆ 22 ಅಕ್ಷರ. ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೀತಾರೆ. ಅಕ್ಷರಗಳೆಲ್ಲ ವ್ಯಂಜನಗಳೇ ಅನ್ನಬಹುದು. ಸ್ವರಗಳನ್ನು ಚುಕ್ಕೆ, ಸಣ್ಣ ಗೆರೆಗಳಿಂದ ತೋರಿಸುವ ಪದ್ಧತಿ ತಡವಾಗಿ ಬಂತು. ನಮ್ಮ ಕನ್ನಡದಲ್ಲಿ ಕಾಗುಣಿತ ತೆಗೆದು ಬರೀ ಮೂಲಾಕ್ಷರ ಉಳಿಸಿದರೆ ಹೆಂಗಿರುತ್ತೆ ನೋಡ್ರಿ. ಮರ, ಮೊರ, ಮಾರು, ಮೂರು, ಮೀರು, ಮಾರಿ, ಮೋರಿ ಎಲ್ಲವೂ ಮ, ರ ಅಂತ ಎರಡೇ ಅಕ್ಷರ ಆಗಿ ನಿಲ್ಲುತ್ತವೆ. ಓದುವವನು ಸಾಲಿನ ಅರ್ಥ ನೋಡಿ, ಪದದ ಬೇರು ಹಿಡಿದು, ಇದು ಮರವೋ ಮೊರವೋ ಅಂತ ತಾನೇ ತೀರ್ಮಾನ ಮಾಡಬೇಕು. ಕಣ್ಣು ಆಡಿಸಿಕೊಂಡು ಹೋದರೆ ಆಗಲ್ಲ.

ಇನ್ನೊಂದು ಗುಣ. ಹೀಬ್ರೂನಲ್ಲಿ ಬಹಳ ಪದಗಳಿಗೆ ಮೂರು ವ್ಯಂಜನಗಳ ಬೇರು ಇರುತ್ತೆ. ಕ, ತ, ಬ ಎಂಬ ಮೂರು ಸೇರಿದರೆ ಬರೆಯುವುದು ಅನ್ನೋ ಅರ್ಥ. ಅದರಿಂದ ಕತವ್ ಅಂದರೆ ಬರೆದನು, ಮಿಖ್ತಾವ್ ಅಂದರೆ ಪತ್ರ. (ಸ್ವರ ಆದ ಮೇಲೆ ಬಂದಾಗ ಬ ಅಲ್ಲಿ ವ ಆಗುತ್ತೆ, ಕ ಖ ಆಗುತ್ತೆ.) ಈಗ ನಮ್ಮ ಉರ್ದು ಮಾತಾಡುವ ಮಕ್ಕಳು ಕಿವಿ ನಿಮಿರಿಸಿರಬೇಕು. ಕಿತಾಬ್ ಅಂದರೆ ಪುಸ್ತಕ, ಕಾತಿಬ್ ಅಂದರೆ ಬರೆಯುವವನು. ಅದೇ ಕ, ತ, ಬ. ಯಾಕೆಂದರೆ ಈ ಪದಗಳು ಉರ್ದುವಿಗೆ ಬಂದದ್ದು ಅರಬ್ಬಿಯಿಂದ. ಅರಬ್ಬಿ, ಹೀಬ್ರೂ ಎರಡೂ ಒಂದೇ ಮನೆತನದ ಭಾಷೆಗಳು. ದಾರಿಯಲ್ಲಿ ಸಿಕ್ಕವರಿಗೆ ನೀವು ಹೇಳುವ ಸಲಾಂ, ಯಹೂದಿಗಳು ಹೇಳುವ ಶಾಲೋಮ್ ಅಣ್ಣತಮ್ಮಂದಿರು. ಇಬ್ರಾಹಿಂ, ಯೂಸುಫ್, ದಾವೂದ್ ಹೆಸರುಗಳೂ ಹೀಬ್ರೂ ಬೈಬಲ್ಲಿನಲ್ಲಿ ಸ್ವಲ್ಪ ಬೇರೆ ರೂಪದಲ್ಲಿ ಇವೆ. ಹೀಬ್ರೂ ಅಂದರೆ ಎಲ್ಲೋ ದೂರದ್ದು ಅಂದುಕೊಂಡಿರಿ, ಅದರ ನೆಂಟರು ನಮ್ಮ ಊರಲ್ಲೇ ಓಡಾಡ್ತಿದ್ದಾರೆ!

ಕನ್ನಡದ ನಡೆ ಬೇರೆ. ನಮ್ಮಲ್ಲಿ ಬರೆ ಎಂಬ ಧಾತು ಹಾಗೇ ನಿಂತು ಮುಂದೆ ಪ್ರತ್ಯಯ ಹತ್ತಿಸಿಕೊಳ್ಳುತ್ತೆ: ಬರೆದನು, ಬರೆಯುವ, ಬರೆಸು. ಹೀಬ್ರೂನಲ್ಲಿ ಪದದ ಹೊಟ್ಟೆಯೊಳಗೇ ಸ್ವರ ಬದಲಾಗುತ್ತೆ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದವನಿಗೆ ತನ್ನ ಭಾಷೆಯ ಕಟ್ಟು ಕಾಣಿಸುತ್ತೆ. ಒಂದೇ ಭಾಷೆ ಬಲ್ಲವನಿಗೆ ಅದು ಗಾಳಿ ಇದ್ದ ಹಾಗೆ, ಇದೆ ಅನ್ನೋದೇ ಗೊತ್ತಾಗಲ್ಲ. ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್, ಗ್ರೀಕ್ ನಾಲ್ಕೂ ಜರ್ಮನ್‌ಗೆ ಹತ್ತಿರದ ಇಲ್ಲವೆ ದೂರದ ಬಳಗ. ಹೀಬ್ರೂ ಒಂದೇ ಆ ಬಳಗದ ಹೊರಗಿನದು. ಬೇರೆ ಮನೆತನದ ಭಾಷೆಯೊಳಗೆ ಕೈಹಾಕುವ ಅಭ್ಯಾಸ ಕಿಟೆಲ್‌ಗೆ ಶಾಲೆಯಲ್ಲಿ ಬಂದದ್ದು ಹೀಬ್ರೂನಿಂದಲೇ ಅಂತ ನನ್ನ ಎಣಿಕೆ. ಮುಂದೆ ಅವರು ಕಲಿಯಬೇಕಾಗಿ ಬಂದದ್ದೂ ಮತ್ತೊಂದು ಮನೆತನದ ಭಾಷೆ.

1850ರಲ್ಲಿ ಕಿಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1853ರಲ್ಲಿ, 21ರ ಪ್ರಾಯದಲ್ಲಿ, ಹಡಗು ಹತ್ತಿ ಇಂಡಿಯಾಕ್ಕೆ ಬಂದರು. ಬಂದದ್ದು ಕ್ರೈಸ್ತ ಮತ ಪ್ರಚಾರಕ್ಕೆ, ಇದನ್ನು ಮುಚ್ಚಿಡುವುದೇನೂ ಬೇಕಾಗಿಲ್ಲ. ಆ ಕೆಲಸದಲ್ಲಿ ಅವರು ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಧಾರವಾಡ ಸೀಮೆಯಲ್ಲಿ ಹಳ್ಳಿ ಹಳ್ಳಿ ಕಾಲ್ನಡಿಗೆಯಲ್ಲಿ ತಿರುಗಿದರು, ಇಲ್ಲಿನ ಜನರಲ್ಲಿ ಒಬ್ಬರಾಗಿ ಬದುಕಬೇಕು ಅಂತ ಹಟ ಹಿಡಿದರು. ಅವರ ಈ ರೀತಿ ಮಿಷನ್ನಿನ ಹಿರಿಯರಿಗೆ ಸರಿಬರಲಿಲ್ಲ. ಆಮೇಲೆ ಮಂಗಳೂರು, ಮಡಿಕೇರಿ ಅಂತ ಬೇರೆ ಬೇರೆ ಕಡೆ ಇದ್ದರು. ಮದುವೆ ಆಯ್ತು, ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿ ಅವರನ್ನೇ ಮದುವೆಯಾದರು. ಇಂಥ ಕಷ್ಟಗಳ ನಡುವೆ ಕನ್ನಡ ಮಾತ್ರ ಬಿಡಲಿಲ್ಲ. 1862ರಲ್ಲಿ ಕಥಾಮಾಲೆ ಎಂಬ ಪುಸ್ತಕದಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಶದ ಛಂದಸ್ಸಿಗೇ ಹೊಂದಿಸಿ ಹಾಡಲು ಬರುವ ಹಾಗೆ ಬರೆದರು.

ಇಲ್ಲಿ ನಮ್ಮ ಬಳ್ಳಾರಿಯ ಸುದ್ದಿ ಹೇಳಲೇಬೇಕು, ಇಲ್ಲದಿದ್ದರೆ ನಮ್ಮ ಜಿಲ್ಲೆಗೆ ಅನ್ಯಾಯ ಆಗುತ್ತೆ. ಕಿಟೆಲ್ ಹುಟ್ಟುವುದಕ್ಕೂ ಮೊದಲೇ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತಿದ್ದರು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷವೇ ಅಚ್ಚಾಯಿತು. ಡೇನಿಯಲ್ ಸ್ಯಾಂಡರ್ಸನ್ ಎಂಬುವರು ಅದನ್ನು 1858ರಲ್ಲಿ ತಿದ್ದಿ ಹೊರತಂದರು. ಕಿಟೆಲ್ ತಮ್ಮ ನಿಘಂಟಿಗೆ ಕೂತಾಗ ಅವರ ಮುಂದೆ ಇದ್ದ ಮೊದಲಿನ ದುಡಿಮೆ ಇದು. ಬಳ್ಳಾರಿಯ ಬಿಸಿಲಲ್ಲಿ ಶುರುವಾದ ಕೆಲಸ ಮಂಗಳೂರಿನ ಮಳೆಯಲ್ಲಿ ಮುಗಿಯಿತು ಅನ್ನಬಹುದು.

ಕಿಟೆಲ್ ಬರೀ ಆಡುಮಾತು ಕಲಿತು ನಿಲ್ಲಲಿಲ್ಲ. ಹಳಗನ್ನಡಕ್ಕೆ ಇಳಿದರು. ನಿಮ್ಮಲ್ಲಿ ಎಷ್ಟೋ ಜನ ಹಳಗನ್ನಡದ ಪದ್ಯ ಬಂದರೆ ಗೈಡ್ ಹುಡುಕ್ತೀರಿ. ಅವರಿಗೆ ಗೈಡ್ ಎಲ್ಲಿತ್ತು? ಓಲೆಗರಿ, ಕೈಬರಹದ ಪ್ರತಿ, ಕೇಳಿದ್ದಕ್ಕೆ ಉತ್ತರ ಹೇಳುವ ಪಂಡಿತರು, ಅಷ್ಟೇ. 13ನೇ ಶತಮಾನದಲ್ಲಿ ಕೇಶಿರಾಜ ಬರೆದ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದರು. ಕೇಶಿರಾಜ ಧಾತುಗಳಿಗೆ ಬೇರೆ ಪ್ರಕರಣವನ್ನೇ ಮೀಸಲಿಟ್ಟವನು. ಪದ ಕಂಡ ಕೂಡಲೆ ಬೇರು ಯಾವುದು ಅಂತ ಹುಡುಕುವುದು ಹೀಬ್ರೂ ಓದಿದವನಿಗೆ ಹುಡುಗನಾಗಿದ್ದಾಗಿನಿಂದ ರೂಢಿ. ಈ ಇಬ್ಬರೂ ಭೇಟಿಯಾದದ್ದು ಆರು ನೂರು ವರ್ಷದ ಅಂತರದಲ್ಲಿ, ಆದರೆ ಮಾತು ಕೂಡಿತು ಅಂತ ನನಗನ್ನಿಸುತ್ತೆ.

ಜರ್ಮನಿಯಲ್ಲಿ ವಿಲ್ಹೆಲ್ಮ್ ಗೆಸೇನಿಯಸ್ ಎಂಬ ವಿದ್ವಾಂಸರು 1813ರಲ್ಲಿ ಹೀಬ್ರೂ ವ್ಯಾಕರಣ ಬರೆದಿದ್ದರು, ಹೀಬ್ರೂ ನಿಘಂಟನ್ನೂ ಮಾಡಿದ್ದರು. ಈ ಪದ ಯಾವ ಗ್ರಂಥದಲ್ಲಿ, ಎಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಅಂತ ಸಾಕ್ಷಿ ಕೊಟ್ಟು ಹೇಳುವ ಕ್ರಮ ಅದು. ಕಿಟೆಲ್ ಕನ್ನಡಕ್ಕೂ ಅದೇ ಗೌರವ ಕೊಟ್ಟರು. ತನಗೆ ತೋಚಿದ ಅರ್ಥ ಬರೆದು ಕೈತೊಳೆದುಕೊಳ್ಳಲಿಲ್ಲ. ಕಾವ್ಯದಿಂದ ಸಾಕ್ಷಿ, ವ್ಯಾಕರಣದಿಂದ ಸಾಕ್ಷಿ, ಜನರ ಬಾಯಲ್ಲಿ ಓಡಾಡುವ ಗಾದೆಗಳಿಂದಲೂ ಸಾಕ್ಷಿ. ಬೈಬಲ್ಲಿನ ಭಾಷೆಗೆ ಏನು ಮರ್ಯಾದೆಯೋ, ನಮ್ಮ ಅಜ್ಜಿ ಹೇಳುವ ಗಾದೆಗೂ ಅದೇ ಮರ್ಯಾದೆ. ಇಡೀ ನಿಘಂಟಿನಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ.

ಹಳಗನ್ನಡದಲ್ಲಿ ಎರಡು ಅಕ್ಷರ ಇದ್ದವು, ಈಗ ನಾವು ಬಿಟ್ಟಿದ್ದೇವೆ: ಱ ಮತ್ತು ೞ. (ಈ ಹಾಳೆಯಲ್ಲಿ ಇವನ್ನು ದಪ್ಪ ಪೆನ್ನಿನಲ್ಲಿ ಬರೆಸಿದ್ದೀನಿ, ಚೆನ್ನಾಗಿ ನೋಡಿಕೊಳ್ಳಿ.) ಹೇಳು ಎಂಬುದು ಆಗ ಪೇೞ್. ಬಾಳೆ ಎಂಬುದು ಬಾೞೆ. ಹಾಳು ಎಂಬುದು ಪಾೞ್. ಕಿಟೆಲ್ ತಮ್ಮ ನಿಘಂಟಿನಲ್ಲಿ ಈ ಅಕ್ಷರಗಳಿಗೆ ಅವುಗಳ ಜಾಗ ಕೊಟ್ಟರು. ಇಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಒಂದು ಮಾತು. ನೀವು ಪಾಲು ಅಂತೀರಿ, ಹಳಗನ್ನಡದವರು ಪಾಲ್ ಅಂದರು, ನಾವು ಹಾಲು ಅಂತೀವಿ. ನೀವು ಪುಲಿ ಅಂತೀರಿ, ಹಳಗನ್ನಡದಲ್ಲೂ ಪುಲಿ, ನಮಗೆ ಹುಲಿ. ಹಳಗನ್ನಡದ ಪಾಠದಲ್ಲಿ ನೀವು ಹಿಂದೆ ಬೀಳುವ ಕಾರಣವೇ ಇಲ್ಲ. ತಾಂಡಾದ ಮಕ್ಕಳು ನೀರಿಗೆ ಪಾಣಿ ಅಂತಾರೆ, ನನ್ನ ಹಿಂದಿ ಪುಸ್ತಕದಲ್ಲಿ ಪಾನಿ. ಲಂಬಾಣಿ ರಾಜಸ್ಥಾನದ ಕಡೆಯ ಭಾಷೆಗಳ ಬಳಗದ್ದು. ಹಾಗಾಗಿ ತರಗತಿಯಲ್ಲಿ ಹಿಂದಿ ಯಾರಿಗೆ ಬೇಗ ಹತ್ತುತ್ತೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?

ನಿಘಂಟಿನ ಕೆಲಸ ಬಹಳ ವರ್ಷ ಹಿಡಿಯಿತು. 1877ರಲ್ಲಿ ಕಿಟೆಲ್ ಜರ್ಮನಿಗೆ ವಾಪಸು ಹೋದರು, ಅಲ್ಲಿಂದಲೂ ಪದ ಕೂಡಿಸುತ್ತಿದ್ದರು. ಆದರೆ ಕನ್ನಡ ಕಿವಿಗೆ ಬೀಳದ ಕಡೆ ಕೂತು ಕನ್ನಡ ನಿಘಂಟು ಮುಗಿಸುವುದು ಹೆಂಗೆ? 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗು ಹತ್ತಿ ಬಂದರು. 1892ರವರೆಗೆ ಇಲ್ಲೇ ಇದ್ದು ಕೆಲಸ ಮಾಡಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. 1752 ಪುಟ, ಸುಮಾರು 70,000 ಪದ. ಆಗ ಕಂಪ್ಯೂಟರ್ ಇಲ್ಲ, ಅಕ್ಷರದ ಮೊಳೆ ಒಂದೊಂದಾಗಿ ಜೋಡಿಸಿ ಅಚ್ಚು ಹಾಕಬೇಕು. ನಮ್ಮ ಗೋಡೆ ಪತ್ರಿಕೆಯ ನಾಲ್ಕು ಹಾಳೆ ನಕಲು ಮಾಡುವಾಗ ಬೆರಳು ನೋಯ್ತು ಅಂತೀರಲ್ಲ, ಅದನ್ನು 1752ರಿಂದ ಗುಣಿಸಿ ನೋಡಿ.

ಅವರು ಇನ್ನೊಂದು ವಿಷಯ ಹೇಳಿದ್ದರು, ಅದು ಆ ಕಾಲಕ್ಕೆ ಸಣ್ಣ ಮಾತಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಪದ ಬಂದಿವೆ ಅಂತ ಎಲ್ಲರೂ ಹೇಳ್ತಿದ್ದರು. ಕನ್ನಡ, ತಮಿಳು, ತೆಲುಗಿನಂಥ ದ್ರಾವಿಡ ಭಾಷೆಗಳಿಂದಲೂ ಸಂಸ್ಕೃತಕ್ಕೆ ಪದಗಳು ಹೋಗಿವೆ ಅಂತ ಕಿಟೆಲ್ 1872ರಲ್ಲೇ ಲೇಖನ ಬರೆದರು, ನಿಘಂಟಿನ ಮುನ್ನುಡಿಯಲ್ಲಿ ಅಂಥ ಪದಗಳ ಪಟ್ಟಿಯನ್ನೇ ಕೊಟ್ಟರು. ಪಟ್ಟಿಯ ಎಲ್ಲವನ್ನೂ ಇವತ್ತಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ನೀರ, ಮೀನ ಇಂಥವು ದ್ರಾವಿಡದಿಂದ ಹೋದವು ಅಂತ ಬಹಳ ಜನ ಒಪ್ತಾರೆ. ಹಲವು ಭಾಷೆ ಬಲ್ಲವನಿಗೆ ಯಾವ ಭಾಷೆಯೂ ಪೂರ್ತಿ ಸಾಲಗಾರನಲ್ಲ, ಯಾವುದೂ ಪೂರ್ತಿ ಸಾಹುಕಾರನೂ ಅಲ್ಲ ಅಂತ ಕಾಣಿಸುತ್ತೆ.

ಇತ್ತ ಕಿಟೆಲ್ ಕನ್ನಡದ ಪದ ಕೂಡಿಸುತ್ತಿದ್ದಾಗ ಅತ್ತ ಹೀಬ್ರೂಗೂ ಒಂದು ಆಶ್ಚರ್ಯ ನಡೆಯಿತು. ಎಲಿಯೇಜರ್ ಬೆನ್ ಯೆಹೂದ ಎಂಬ ಯುವಕ 1881ರಲ್ಲಿ ಜೆರೂಸಲೇಮಿಗೆ ಹೋಗಿ ನೆಲೆಸಿದ. ಮರುವರ್ಷ ಹುಟ್ಟಿದ ಮಗನಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಕಿವಿಗೆ ಬೀಳದಂತೆ ಬೆಳೆಸಿದ. ಐಸ್‌ಕ್ರೀಮಿಗೆ, ಪತ್ರಿಕೆಗೆ, ಟವೆಲ್ಲಿಗೆ ಹಳೆಯ ಗ್ರಂಥಗಳಲ್ಲಿ ಪದ ಎಲ್ಲಿಂದ ಸಿಗಬೇಕು? ಹಳೆ ಬೇರುಗಳಿಂದಲೇ ಹೊಸ ಪದ ಕಟ್ಟಬೇಕಾಯ್ತು. ಅವನು ಶುರುಮಾಡಿದ ನಿಘಂಟು 17 ಸಂಪುಟ ಆಗಿ ಮುಗಿದದ್ದು 1959ರಲ್ಲಿ, ಅವನು ಸತ್ತು 37 ವರ್ಷದ ಮೇಲೆ. ಕಿಟೆಲ್ ಶಾಲೆಯಲ್ಲಿ ಕಲಿತಾಗ ಯಾರ ತಾಯಿನುಡಿಯೂ ಅಲ್ಲದ ಭಾಷೆ ಇವತ್ತು ಇಸ್ರೇಲಿನಲ್ಲಿ ಲಕ್ಷಾಂತರ ಮಕ್ಕಳ ತಾಯಿನುಡಿ. ನಮ್ಮ ಕರ್ನಾಟಕದಲ್ಲೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಬೈಬಲ್ ಓದುವವರು ಹೀಬ್ರೂ ಕಲೀತಾರೆ. ನಮ್ಮ ಶಾಲೆಗೆ ಹೀಬ್ರೂ ತನ್ನಿ ಅಂತ ನಾನು ಹೇಳ್ತಿಲ್ಲ, ಹೆದರಬೇಡಿ. ಇಂಗ್ಲಿಷ್ ಬಿಡಿ ಅಂತಲೂ ಅಲ್ಲ, ಅದು ಅನ್ನದ ಭಾಷೆ, ಗಟ್ಟಿಯಾಗಿ ಕಲೀರಿ. ಒಂದು ಭಾಷೆ ಉಪಯೋಗಕ್ಕೆ ಬರುತ್ತೋ ಇಲ್ಲವೋ ಅನ್ನೋದನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುವ ಸಂಭವ ಹೆಚ್ಚು ಅಂತಷ್ಟೇ ನನ್ನ ವಾದ. ಆರಿಕ್ ಶಾಲೆಯ ಹುಡುಗ ಹಾಗೆ ಲೆಕ್ಕ ಹಾಕಿದ್ದರೆ ನಮ್ಮ ಕನ್ನಡದ ಹೆಸರನ್ನೂ ಕೇಳುತ್ತಿರಲಿಲ್ಲವೇನೋ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲೇ ತೀರಿಕೊಂಡರು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಕ್ವಿಜ್ ಹುಡುಗರಿಗೆ ಒಂದು ಎಚ್ಚರಿಕೆ: ಹೀಬ್ರೂ ಬೈಬಲ್ಲನ್ನು ಸಂಪಾದಿಸಿ ಹೆಸರಾದ ರುಡಾಲ್ಫ್ ಕಿಟೆಲ್ ಬೇರೆ. ಅವರು ಹುಟ್ಟಿದ್ದು 1853ರಲ್ಲಿ, ನಮ್ಮ ಕಿಟೆಲ್ ಇಂಡಿಯಾಕ್ಕೆ ಬಂದ ವರ್ಷ. ಇಬ್ಬರನ್ನೂ ಕಲಸಿಬಿಡಬೇಡಿ.

ಕಿಟೆಲ್ ಹೆಚ್ಚಾಗಿ ತಿರುಗಿದ್ದು ಧಾರವಾಡ, ಮಂಗಳೂರು, ಮಡಿಕೇರಿ ಕಡೆ. ಚೋರನೂರು ಸೀಮೆಯ ಮಾತು ಅವರ ಪುಸ್ತಕದಲ್ಲಿ ಎಷ್ಟು ಸಿಗುತ್ತೆ ಅಂತ ನಾವೇ ಪರೀಕ್ಷೆ ಮಾಡಬಹುದು. ಮುಂದಿನ ಸಂಚಿಕೆಗೆ ಪ್ರತಿಯೊಬ್ಬರೂ ಮನೆಯಲ್ಲಿ, ಹೊಲದಲ್ಲಿ, ಕಣದಲ್ಲಿ ಹಿರಿಯರು ಆಡುವ ಹತ್ತು ಪದ ಕೇಳಿ ಬರೆದು ತನ್ನಿ. ಕೂರಿಗೆ, ಕುಂಟೆಯ ಒಂದೊಂದು ಭಾಗಕ್ಕೂ ಹೆಸರಿದೆ, ಅಜ್ಜಂದಿರನ್ನು ಕೇಳಿ. ಲಂಬಾಣಿ, ತೆಲುಗು, ಉರ್ದು ಯಾವುದಾದರೂ ಸರಿ, ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅರ್ಥ ಹಾಕಿ. ಪದ ಹೇಳಿದವರು ನಿಮಗೆ ಏನಾಗಬೇಕು ಅನ್ನೋದನ್ನೂ ಬರೀರಿ. ಶನಿವಾರ ಬೆಳಗಿನ ಶಾಲೆ ಬಿಡುವುದರೊಳಗೆ ಹಾಳೆಗಳು ನನ್ನ ಕೈಗೆ ಬರಬೇಕು.